ಮೂವತ್ತೆಂಟು ಸಲಾಮು

ಈ ಸಭೆಯ ಅಧ್ಯಕ್ಷರೂ ನಮ್ಮ ಮೊಹಲ್ಲಾದ ಹಿರಿಯರೂ ಆದ ತುರ್ಸುನ್‌ಬೋಯ್ ಅವರೇ, ಜಿಲ್ಲೆಯಿಂದ ಬಂದು ಮುಂದಿನ ಸಾಲಿನ ಮೆತ್ತನೆಯ ಕುರ್ಚಿಗಳಲ್ಲಿ ಕುಳಿತಿರುವ ಆರೋಗ್ಯ ಇಲಾಖೆಯ ಗಣ್ಯರೇ, ಮೂವತ್ತೇಳು ವರ್ಷ ನಮ್ಮ ಊರಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ದುಡಿದು ಈ ದಿನ ನಿವೃತ್ತರಾಗುತ್ತಿರುವ ಡಾಕ್ಟರ್ ಮುಹಯ್ಯೋ ಅವರೇ, ನರ್ಸಮ್ಮಂದಿರೇ, ಹಿಂದಿನ ಸಾಲಿನಲ್ಲಿ ಸೂರ್ಯಕಾಂತಿ ಬೀಜ ಸುಲಿಯುತ್ತಿರುವ ಹೆಂಗಸರೇ, ಸಭಿಕರೇ.

ಬೀಜದ ಸಿಪ್ಪೆಯನ್ನು ನೆಲಕ್ಕೆ ಉಗುಳಬೇಡಿ. ನಾಳೆ ಇದನ್ನು ಗುಡಿಸುವವರು ಶಾಲೆಯ ಮಕ್ಕಳು. ಇದು ಹತ್ತಿ ಸಂಘದ ಸಭಾಂಗಣವಾಗಿದ್ದ ಕಾಲದಲ್ಲಿ ಇದೇ ನೆಲವನ್ನು ನಾನೂ ಗುಡಿಸಿದ್ದೇನೆ, ಹೇಳುವ ಹಕ್ಕು ನನಗಿದೆ.

ನನಗೆ ಐದು ನಿಮಿಷ ಎಂದು ಕಾರ್ಯಕ್ರಮದ ಪಟ್ಟಿಯಲ್ಲಿ ಬರೆದಿದ್ದಾರೆ. ಬರೆದವಳು ನನ್ನ ಮಗಳು ನಿಗೋರಾ, ನಿಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ. ಐದು ನಿಮಿಷದಲ್ಲಿ ನಾನು ತಂದೂರಿನಿಂದ ಒಂದು ರೊಟ್ಟಿಯನ್ನೂ ಬೇಯಿಸಿ ತೆಗೆಯಲಾರೆ. ಹೆಚ್ಚು ಹೊತ್ತಾದರೆ ಅಧ್ಯಕ್ಷರು ಕ್ಷಮಿಸಬೇಕು. ಕ್ಷಮಿಸದಿದ್ದರೂ ನಾನು ಮುಗಿಸಿಯೇ ಇಳಿಯುವವಳು. ತುರ್ಸುನ್‌ಬೋಯ್ ಅವರಿಗೆ ಅದು ಗೊತ್ತು, ಅವರು ನನ್ನ ಜೊತೆ ಒಂದೇ ತರಗತಿಯಲ್ಲಿ ಓದಿದವರು. ಜೀವಶಾಸ್ತ್ರದಲ್ಲಿ ನನಗೆ ಐದಕ್ಕೆ ಐದು ಬರುತ್ತಿತ್ತು, ಅವರಿಗೆ ಮೂರು.

ನನ್ನ ಮಗಳು ಈ ಕಾಗದವನ್ನೂ ಕೊಟ್ಟಿದ್ದಾಳೆ, ಓದಿದರೆ ಸಾಕು ಎಂದು. ಇದರಲ್ಲಿ ಏನಿದೆ ಗೊತ್ತೇ? "ಸೂಜಿಮದ್ದಿನಿಂದ ತನ್ನ ಸೊಸೆಯನ್ನು ಕಳೆದುಕೊಂಡರೂ ಡಾಕ್ಟರನ್ನು ತುಂಬು ಮನಸ್ಸಿನಿಂದ ಕ್ಷಮಿಸಿದ ಮಹಾತಾಯಿ." ಅಂದರೆ ನಾನು. ಹೋಸಿಯತ್ ಅಮ್ಮ ವೇದಿಕೆ ಹತ್ತಿ ಕ್ಷಮಿಸಿದೆ ಎಂದುಬಿಟ್ಟರೆ ಊರೇ ಕ್ಷಮಿಸಿದ ಹಾಗೆ, ಡಾಕ್ಟರು ನೆಮ್ಮದಿಯಿಂದ ಮನೆಗೆ ಹೋಗಬಹುದು ಎಂದು ಹಿರಿಯರು ಯೋಚಿಸಿದ್ದಾರೆ. ಒಳ್ಳೆಯ ಯೋಚನೆ. ಈ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಇಲ್ಲಿ ಇಡುತ್ತೇನೆ. ನಿಗೋರಾ, ನಿನ್ನ ಅಕ್ಷರ ಚೆನ್ನಾಗಿದೆ. ಬರೆದದ್ದು ಸುಳ್ಳು.

ಸಭಿಕರೇ, ಈ ಡಾಕ್ಟರಮ್ಮನಿಗೆ ನಾವು ಇಟ್ಟಿರುವ ಹೆಸರೇನು? ಯಾಕೆ ತಲೆ ತಗ್ಗಿಸುತ್ತೀರಿ? ದಿನಾ ಹೇಳುವ ಹೆಸರನ್ನು ಇವತ್ತು ಹೇಳಲು ನಾಚಿಕೆಯೇ? "ಕುದುರೆ ಸೂಜಿ." ಮಕ್ಕಳು ಊಟ ಮಾಡದಿದ್ದರೆ "ಕುದುರೆ ಸೂಜಿಯೋಳನ್ನ ಕರೀತೀನಿ ನೋಡು" ಎನ್ನುತ್ತೇವೆ. ಆಕೆ ಸಂತೆಗೆ ಬಂದರೆ ಕಲ್ಲಂಗಡಿ ಮಾರುವವನು ಕುದುರೆಯ ಹಾಗೆ ತುಟಿ ಅದುರಿಸುತ್ತಾನೆ, ಪಕ್ಕದವರು ನಗುತ್ತಾರೆ. ಆಕೆಯ ತಂಗಿಗೆ ಎರಡು ಕಡೆಯಿಂದ ಸಂಬಂಧ ಬಂದು ಇದೇ ಹೆಸರಿನ ದೆಸೆಯಿಂದ ತಪ್ಪಿಹೋಯಿತು. ಹೆಸರು ಇಟ್ಟವರು ಯಾರು? ಊರು ಎನ್ನುತ್ತೀರಿ. ಊರಿಗೆ ಬಾಯಿ ಇಲ್ಲ, ಯಾರೋ ಒಬ್ಬರು ಮೊದಲು ಆಡಿರುತ್ತಾರೆ. ಆ ಒಬ್ಬರು ಯಾರೆಂದು ಹೇಳುವುದಕ್ಕೇ ನಾನು ಮೈಕಿನ ಮುಂದೆ ನಿಂತಿದ್ದೇನೆ.

ಇಪ್ಪತ್ತೊಂಬತ್ತು ವರ್ಷದ ಹಿಂದಿನ ಚಳಿಗಾಲ. ನಿಮ್ಮಲ್ಲಿ ಅರ್ಧ ಜನ ಆಗ ಹುಟ್ಟಿರಲಿಲ್ಲ, ಉಳಿದ ಅರ್ಧ ಜನ ಮರೆಯಲು ನೋಡುತ್ತೀರಿ. ನಾವೂ ಸೇರಿದ್ದ ದೊಡ್ಡ ದೇಶ ಒಡೆದು ಚೂರಾಗಿ ನಾಲ್ಕನೇ ವರ್ಷ ಮುಗಿಯುತ್ತ ಬಂದಿತ್ತು. ಕರೆಂಟು ದಿನಕ್ಕೆ ಎರಡು ಗಂಟೆ. ಮಕ್ಕಳಿಗೆ ಹಾಕಬೇಕಾದ ಲಸಿಕೆ ಎರಡು ವರ್ಷ ಸರಿಯಾಗಿ ಬಂದಿರಲಿಲ್ಲ. ಆ ಚಳಿಗಾಲದಲ್ಲಿ ಗಂಟಲಮಾರಿ ನಮ್ಮ ಕಣಿವೆಗೆ ಇಳಿಯಿತು. ಮಕ್ಕಳ ಕಾಯಿಲೆ ಎಂದುಕೊಂಡಿದ್ದೆವು. ಅದು ದೊಡ್ಡವರನ್ನೂ ಹಿಡಿಯಿತು.

ಅದೇ ಡಿಸೆಂಬರಿನಲ್ಲಿ ನನ್ನ ಮಗ ಶೆರಾಲಿಯ ಮದುವೆ. ಹುಡುಗಿ ಕಾಲುವೆಯಾಚೆಯ ಉಮ್ರಿನಿಸೋ ಅವರ ಮಗಳು ಅನೋರ್‌ಗುಲ್. ಹತ್ತೊಂಬತ್ತು ವರ್ಷ. ನಾನೇ ನೋಡಿ ಆರಿಸಿದ್ದು. ಎತ್ತರದ ಹುಡುಗಿ, ನಾದಿದ ಹಿಟ್ಟಿನ ಮೇಲೆ ಅವಳ ಬೆರಳಿನ ಗುರುತು ನೋಡಿಯೇ ನನಗೆ ಗೊತ್ತಾಗಿತ್ತು, ಇವಳು ಮನೆ ನಡೆಸುವವಳು ಎಂದು. ತವರಿನ ಬಾಗಿಲು ದಾಟುವಾಗ ನಮ್ಮ ಹುಡುಗಿಯರು ಅಳಬೇಕಲ್ಲ? ಅಳದಿದ್ದರೆ ಜನ ಆಡಿಕೊಳ್ಳುತ್ತಾರಲ್ಲ? ಅವಳು ಚೆನ್ನಾಗಿಯೇ ಅತ್ತಳು. ಮಾರನೆಯ ದಿನ ಗಂಟಲು ನೋವು, ಉಗುಳು ನುಂಗಲಾಗುತ್ತಿಲ್ಲ ಎಂದಳು. ಮೈ ಸ್ವಲ್ಪ ಬೆಚ್ಚಗಿತ್ತು. ನನ್ನ ಗಂಡನ ಚಿಕ್ಕಮ್ಮ ಪಾಶ್ಶಾ ಗಟ್ಟಿಯಾಗಿ ನಕ್ಕರು.

"ಅತ್ತೂ ಅತ್ತೂ ಗಂಟಲು ಹರಕೊಂಡಿದ್ದಾಳೆ ಕಣೇ. ಪರವಾಗಿಲ್ಲ, ತವರಿನ ಮೇಲೆ ಪ್ರೀತಿ ಇರೋ ಹುಡುಗಿ. ನನ್ನ ಸೊಸೆ ಇದ್ದಾಳೆ ನೋಡು, ಒಂದು ಹನಿ ಕಣ್ಣೀರು ಹಾಕಿರಲಿಲ್ಲ ಮಾರಾಯ್ತಿ!"

ನಾವೆಲ್ಲ ನಕ್ಕೆವು. ಅನೋರ್ ಕೂಡ ನಕ್ಕಳು. ಬಿಸಿ ಉಪ್ಪಿನ ಗಂಟು ಕಟ್ಟಿದೆವು, ಸೀಮೆದಾಳಿಂಬೆಯ ಬೀಜ ನೆನೆಸಿದ ನೀರು ಕುಡಿಸಿದೆವು. ಹೀಗೆ ಮೂರು ದಿನ ಹೋಯಿತು. ಅಳುವಿನ ಗಂಟಲು ಎಂದು ಮೂರು ದಿನ! ನಾಲ್ಕನೆಯ ದಿನ ಕುತ್ತಿಗೆ ಗೂಳಿಯ ಕುತ್ತಿಗೆಯ ಹಾಗೆ ಊದಿಕೊಂಡಾಗ ಆಸ್ಪತ್ರೆಗೆ ಕರೆದೊಯ್ದೆವು.

ಡಾಕ್ಟರು ಬಾಯಿ ತೆಗೆಸಿ ನೋಡಿದರು. ಗಂಟಲಿನಲ್ಲಿ ಬೂದು ಬಣ್ಣದ ಪೊರೆ, ಹಳೆಯ ತೊಗಲಿನ ಹಾಗೆ. ಕೂಡಲೇ ಸೂಜಿ ಸಿದ್ಧ ಮಾಡಿಸಿದರು. ಇದು ಎಂಥ ಮದ್ದು ಎಂದು ಕೇಳಿದೆ. ಕುದುರೆಗೆ ಈ ವಿಷವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು ಪಳಗಿಸಿ, ಅದರ ರಕ್ತದಿಂದ ತೆಗೆದ ಮದ್ದು ಎಂದರು. ಆ ಮಾತನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ. ಮನೆಯಲ್ಲಿ ಕೆಲಸಕ್ಕೆ ಬರಬಹುದಾದ ಯಾವುದನ್ನೂ ನಾನು ಎಸೆಯುವವಳಲ್ಲ.

ಎಂಟು ದಿನದಲ್ಲಿ ಪೊರೆ ಕಳಚಿತು. ಜ್ವರ ಇಳಿಯಿತು. ಹುಡುಗಿ ಎದ್ದು ಕುಳಿತಳು. ಆಸ್ಪತ್ರೆಯೋ, ಕಿಟಕಿಗೆ ಗಾಜಿಲ್ಲ, ಒಲೆಗೆ ಕಲ್ಲಿದ್ದಲಿಲ್ಲ. ಹದಿನಾರನೆಯ ದಿನ ನಾನು ಮನೆಗೆ ಕರೆದೊಯ್ಯುತ್ತೇನೆ ಎಂದೆ. ಡಾಕ್ಟರಿಗೆ ಆಗ ಮೂವತ್ಮೂರು ವರ್ಷ. ನನ್ನನ್ನು ಅಕ್ಕನ ಹಾಗೆ ಒಪಾ ಎಂದೇ ಕರೆಯುತ್ತಿದ್ದರು. ಕೋಟಿನ ಮೇಲೆ ಕೋಟು ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತರು.

"ಹೋಸಿಯತ್ ಒಪಾ, ಈಗಲೇ ಬೇಡ. ಗಂಟಲು ವಾಸಿಯಾಗಿದೆ ಅಷ್ಟೇ. ಕ್ರಿಮಿ ಸತ್ತಿದೆ, ಅದು ಬಿಟ್ಟ ವಿಷ ಇನ್ನೂ ಮೈಯಲ್ಲಿ ಕೆಲಸ ಮಾಡ್ತಿದೆ. ಹೃದಯಕ್ಕೆ ಸೇರಿರಬಹುದು. ನಾಡಿ ನನಗೆ ಸರಿ ಕಾಣ್ತಿಲ್ಲ."

"ಇಲ್ಲಿ ಚಳಿಗೆ ಸಾಯ್ತಾಳೆ. ನಮ್ಮನೇಲಿ ಒಲೆ ಇದೆ."

"ಸರಿ, ಕರ್ಕೊಂಡು ಹೋಗಿ. ಆದರೆ ಹಾಸಿಗೆಯಿಂದ ಇಳಿಸಬೇಡಿ. ನಲವತ್ತು ದಿನ. ದಿಂಬು ಸರಿ ಮಾಡ್ಕೊಳ್ಳೋದಕ್ಕೂ ಅವಳು ಕೈ ಎತ್ತಬಾರದು. ನೀವೇ ಮಾಡಬೇಕು. ಅರ್ಥ ಆಯ್ತಾ ಒಪಾ?"

"ನಲವತ್ತು ದಿನದ ಲೆಕ್ಕ ನಮಗೇ ಹೇಳ್ಕೊಡ್ತೀಯಾ ತಾಯಿ? ಹೊಸ ಸೊಸೆಗೆ ನಲವತ್ತು ದಿನದ ಚಿಲ್ಲಾ ಅಂತ ನಮ್ಮಲ್ಲಿ ಅಜ್ಜಿ ಕಾಲದಿಂದ ಇದೆ."

ಇದನ್ನೆಲ್ಲ ಬರೆದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ನಾನು ಓದಬಲ್ಲವಳು. ಓದಿಯೇ ಸಹಿ ಹಾಕಿದೆ. ಆಗ ಅಲ್ಲಿದ್ದವರು ನಾವು ಇಬ್ಬರೇ. ಶೆರಾಲಿ ಗಾಡಿ ತರಲು ಹೋಗಿದ್ದ. ಬೀಗಿತ್ತಿ ಉಮ್ರಿನಿಸೋ ತಮ್ಮ ಮನೆಯಲ್ಲಿದ್ದರು. ಡಾಕ್ಟರು ಹೇಳಿದ್ದು ನನಗೆ ಒಬ್ಬಳಿಗೇ.

ಡಾಕ್ಟರೇ, ಕೈ ಸನ್ನೆ ಮಾಡಿ ನಿಲ್ಲಿಸಬೇಡಿ. ನಿಮ್ಮ ಮಾತು ಕೇಳದೇ ಇರುವುದು ನನಗೆ ಹಳೆಯ ಅಭ್ಯಾಸ.

ಸಭಿಕರೇ, ಹೊಸ ಸೊಸೆಯ ಸಲಾಮು ಎಂದರೇನು ಎಂದು ನಿಮಗೆ ಹೇಳಬೇಕೇ? ಮುಖದ ಮೇಲೆ ಮುಸುಕು ಎಳೆದು ಹೊಸಿಲ ಬಳಿ ನಿಲ್ಲಿಸುತ್ತೇವೆ. ಒಬ್ಬರು ಹೆಸರು ಹಾಡುತ್ತಾರೆ. ಗಂಡನ ಕಡೆಯ ಒಬ್ಬೊಬ್ಬ ಹಿರಿಯರಿಗೂ ಸೊಂಟದಿಂದ ಬಾಗಿ ಸಲಾಮು ಮಾಡಬೇಕು. ಮದುವೆಯ ಮಾರನೆಯ ದಿನ ಆಗಬೇಕಾದದ್ದು ಗಂಟಲಿನಿಂದಾಗಿ ನಿಂತುಹೋಗಿತ್ತು. ದೂರದಿಂದ ಬಂದವರು ಬರಿಗೈಯಲ್ಲಿ ಸಲಾಮಿಲ್ಲದೆ ವಾಪಸು ಹೋಗಿದ್ದರು. ಹೋಗಿ ಸುಮ್ಮನಿರುವ ಜನವೇ? "ಹೋಸಿಯತ್ ತಂದ ಸೊಸೆಗೆ ಏನೋ ದೋಷ ಇದೆಯಂತೆ, ಮುಖಾನೇ ತೋರಿಸಲಿಲ್ಲವಂತೆ." ಈ ಮಾತು ನನ್ನ ಕಿವಿಗೆ ಬಿತ್ತು. ನನ್ನ ಮನೆಯ ಬಗ್ಗೆ, ನಾನು ಆರಿಸಿದ ಹುಡುಗಿಯ ಬಗ್ಗೆ! ಎಲ್ಲರಿಗೂ ಹೇಳಿ ಕಳುಹಿಸಿದೆ, ಭಾನುವಾರ ಬನ್ನಿ ಎಂದು.

ಹಾಸಿಗೆಯಿಂದ ಎಬ್ಬಿಸಿದ್ದು ನಾನೇ. ಮುಸುಕು ಕಟ್ಟಿದ್ದು ನಾನೇ. ಬೆಳಿಗ್ಗೆ ಚಹ ಕೊಟ್ಟೆ. ಕುಡಿದ ಚಹ ಅವಳ ಮೂಗಿನಿಂದ ಹೊರಗೆ ಬಂತು. ಪಾಶ್ಶಾ ಚಿಕ್ಕಮ್ಮ, "ಅಯ್ಯೋ, ಒಂಟೆ ಮರಿ ಹಾಗೆ ಕುಡೀತಾಳಲ್ಲೇ!" ಎಂದರು. ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೆ ಮರ್ಯಾದೆ ಹೋದಂತಾಯಿತು. "ಜನರ ಮುಂದೆ ಚಹ ಕುಡಿಯೋದಕ್ಕೂ ನಿಮ್ಮಮ್ಮ ಕಲಿಸಿಲ್ವಾ?" ಎಂದು ಗದರಿದೆ. ಎರಡು ದಿನದಿಂದ ಅವಳ ಮಾತು ಮೂಗಿನಲ್ಲಿ ಬರುತ್ತಿತ್ತು. ವಯ್ಯಾರ ಎಂದುಕೊಂಡಿದ್ದೆ. ವಿಷ ಅಂಗುಳದ ನರಗಳನ್ನು ಹಿಡಿದಾಗ ಹೀಗಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ನನಗೆ ಗೊತ್ತಿದ್ದದ್ದು ಬೇರೆ ಇತ್ತು: ನಲವತ್ತು ದಿನ, ದಿಂಬಿಗೂ ಕೈ ಎತ್ತಬಾರದು.

ಮೂವತ್ತೆಂಟು ಹೆಸರುಗಳು. ಹನ್ನೆರಡೋ ಹದಿಮೂರೋ ಆದಾಗ ಮುಸುಕಿನೊಳಗಿಂದ ಮೂಗಿನ ದನಿಯಲ್ಲಿ ಕೇಳಿದಳು: "ಆಯಿ, ಸ್ವಲ್ಪ ಕೂತ್ಕೊಂಡು ಮಾಡ್ಲಾ?"

"ಕೂತ್ಕೊಂಡು ಸಲಾಮು ಮಾಡೋ ಸೊಸೆ ಎಲ್ಲಾದ್ರೂ ಉಂಟೇನೇ? ನಾನು ತೊಂಬತ್ತು ಜನಕ್ಕೆ ಮಾಡಿದ್ದೆ, ನೂರೆರಡು ಡಿಗ್ರಿ ಜ್ವರ ಇಟ್ಕೊಂಡು. ಇನ್ನೇನು ಆಯ್ತು, ನಿಲ್ಲು."

ನಿಂತಳು. ಮೂವತ್ತೆಂಟನ್ನೂ ಮಾಡಿದಳು. ಕೊನೆಯ ಸಲಾಮು ಅತ್ತೆಗೆ, ಅದು ಪದ್ಧತಿ. ನನ್ನ ಮುಂದೆ ಬಾಗಿದಾಗ ಎಲ್ಲರಿಗಿಂತ ಹೆಚ್ಚು ತಗ್ಗಿದಳು. ನೆರೆದವರು, "ಸೊಸೆ ಅಂದ್ರೆ ಇದಪ್ಪಾ!" ಎಂದರು. ನನ್ನ ಎದೆ ಉಬ್ಬಿತು. ಸಭಿಕರೇ, ನಿಮಗೆ ನಿಜ ಹೇಳುತ್ತೇನೆ, ನನ್ನ ಬದುಕಿನಲ್ಲಿ ಅಷ್ಟು ಹೆಮ್ಮೆಪಟ್ಟ ಗಳಿಗೆ ಇನ್ನೊಂದಿಲ್ಲ.

ಒಳಕ್ಕೆ ಹೋಗಿ ರಜಾಯಿಗಳ ರಾಶಿಗೆ ಒರಗಿ ಕುಳಿತಳಂತೆ. ಹೊರಗೆ ಪಲಾವು ಬಡಿಸುತ್ತಿದ್ದೆವು. ತಟ್ಟೆ ತೆಗೆದುಕೊಂಡು ನಿಗೋರಾ ಒಳಗೆ ಹೋದಳು, ಒಂಬತ್ತು ವರ್ಷದ ಮಗು. ಹೊರಗೆ ಬಂದು, "ಆಯಿ, ಅತ್ತಿಗೆ ಕಣ್ಣು ಬಿಟ್ಕೊಂಡೇ ಮಲಗಿದ್ದಾಳೆ" ಎಂದಳು.

ಕೊಂಚ ನೀರು ಕುಡಿಯುತ್ತೇನೆ.

ಹೆಣದ ಸುತ್ತ ಕುಳಿತ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಉಮ್ರಿನಿಸೋ ಬಂದರು. ನಮ್ಮಲ್ಲಿ ಸಲಾಮಿನ ದಿನ ಹುಡುಗಿಯ ತಾಯಿ ಬರುವುದಿಲ್ಲ, ಆದ್ದರಿಂದ ಏನಾಯಿತೆಂದು ಅವರಿಗೆ ತಿಳಿಯದು. "ವಾಸಿಯಾಗಿತ್ತಲ್ಲಾ ಬೀಗಿತ್ತಿ? ಎದ್ದು ಓಡಾಡ್ತಿದ್ದಳಲ್ಲಾ? ಏನಾಯ್ತು ನನ್ನ ಮಗೂಗೆ?" ಎಂದು ನನ್ನ ತೋಳು ಹಿಡಿದು ಅಲುಗಿಸಿದರು. ನಾನು ಏನು ಹೇಳಬೇಕಿತ್ತು? ಏನು ಹೇಳಿದೆ?

"ಕುದುರೆ ರಕ್ತದ ಸೂಜಿ ಹಾಕಿದ್ರು" ಎಂದೆ.

ಅಷ್ಟೇ. ಮತ್ತೆ ಒಂದು ಮಾತೂ ಆಡಲಿಲ್ಲ, ಆಡಬೇಕಾಗಲೂ ಇಲ್ಲ. ಅದು ನನ್ನ ಬಾಯಿಂದ ಬಿದ್ದ ಕಿಡಿ, ಸಂಜೆಯ ಹೊತ್ತಿಗೆ ಕಾಲುವೆಯ ಎರಡೂ ದಡ ಹೊತ್ತಿ ಉರಿಯಿತು. ಆಸ್ಪತ್ರೆಯ ಬಾಗಿಲಿಗೆ ಹೋಗಿ ಉಮ್ರಿನಿಸೋ ಮಣ್ಣು ತೂರಿದರು. ಡಾಕ್ಟರು ಹೊರಗೆ ಬಂದು ನಿಂತರು, ತಲೆಯ ಮೇಲೆ ಮಣ್ಣು ಬಿದ್ದರೂ ಬಾಯಿ ಬಿಡಲಿಲ್ಲ. ನಾನು ಸಹಿ ಹಾಕಿದ ಕಾಗದ ಅವರ ಮೇಜಿನ ಡ್ರಾಯರಿನಲ್ಲೇ ಇತ್ತು. ತೆಗೆದು ತೋರಿಸಿದ್ದರೆ ಸಾಕಾಗಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಸುಲಭ. ಒಬ್ಬ ಅತ್ತೆ, ಒಂದು ತಪ್ಪು, ವಯಸ್ಸಾದ ಮೇಲೆ ಒಪ್ಪಿಕೊಂಡಳು ಎಂದು ಹೇಳಿಕೊಂಡು ಮನೆಗೆ ಹೋಗುತ್ತೀರಿ. ಅದು ಹಾಗಿಲ್ಲ.

ಮಣ್ಣು ಮಾಡಿದ ಹನ್ನೊಂದನೆಯ ದಿನ ನಿಗೋರಾಳಿಗೆ ಗಂಟಲು ನೋವು ಬಂತು. ದೀಪ ಹಿಡಿದು ಬಾಯಿ ನೋಡಿದೆ. ಬೂದು ಬಣ್ಣದ ಚುಕ್ಕೆ. ನಾನು ಉಪ್ಪಿನ ಗಂಟು ಕಟ್ಟಲಿಲ್ಲ, ಬೀಜ ನೆನೆಸಲಿಲ್ಲ. ಶುಕ್ರವಾರದ ಮಧ್ಯಾಹ್ನ ಗಂಡಸರೆಲ್ಲ ನಮಾಜಿಗೆ ಹೋಗಿ ಬೀದಿ ಖಾಲಿಯಾಗುವುದನ್ನು ಕಾದು, ಮಗುವನ್ನು ಚಾದರದಲ್ಲಿ ಸುತ್ತಿ ಆಸ್ಪತ್ರೆಯ ಹಿಂದಿನ ಬಾಗಿಲಿಗೆ ಹೋದೆ. ಡಾಕ್ಟರು ಬಾಗಿಲು ತೆರೆದರು. ನನ್ನನ್ನು ನೋಡಿದರು, ಮಗುವನ್ನು ನೋಡಿದರು.

"ಕುದುರೆ ಸೂಜಿ ಹಾಕು ತಾಯಿ" ಎಂದೆ.

ಬೇರೆ ಯಾರಾದರೂ ಆಗಿದ್ದರೆ ಒಂದು ಮಾತಾದರೂ ಚುಚ್ಚುತ್ತಿದ್ದರು. ನಾನಾಗಿದ್ದರೆ ಹತ್ತು ಚುಚ್ಚುತ್ತಿದ್ದೆ. ಅವರು ಕೇಳಿದ್ದು ಒಂದೇ: "ಎಷ್ಟು ದಿನ ಆಯ್ತು?"

"ಇವತ್ತೇ."

"ಹಾಗಾದ್ರೆ ಬದುಕ್ತಾಳೆ. ಒಳಗೆ ಬನ್ನಿ, ಚಳಿ."

ನಿಗೋರಾ, ಆ ನಲವತ್ತು ದಿನ ನಿನಗೆ ನೆನಪಿದೆಯೇ? ಮಾತುಮಾತಿಗೂ ಹೇಳುತ್ತೀಯಲ್ಲ, ಆಯಿ ನನ್ನನ್ನು ಸೆರೆಮನೆಯಲ್ಲಿ ಇಟ್ಟ ಹಾಗೆ ಇಟ್ಟಿದ್ದಳು, ಗೊಂಬೆ ಎತ್ತಿಕೊಂಡರೂ ಬೈಯುತ್ತಿದ್ದಳು, ಒಂದೊಂದು ತುತ್ತನ್ನೂ ತಾನೇ ಬಾಯಿಗೆ ಇಡುತ್ತಿದ್ದಳು ಎಂದು? ಹೌದು. ಮಾಡುವುದು ಹೇಗೆಂದು ನನಗೆ ಆಗಲೇ ತಿಳಿದಿತ್ತು. ಹಿಂದಿನ ತಿಂಗಳೇ ಒಬ್ಬರು ನನಗೆ ಹೇಳಿಕೊಟ್ಟಿದ್ದರು.

ಡಾಕ್ಟರು ಮೂರು ದಿನಕ್ಕೊಮ್ಮೆ ತೋಟದ ಕಡೆಯಿಂದ ಬಂದು ಅವಳ ನಾಡಿ ನೋಡಿ ಹೋಗುತ್ತಿದ್ದರು. ಒಂದು ದಿನ ನಾನು ರೊಟ್ಟಿ ತಟ್ಟುತ್ತ ಕೇಳಿದೆ: "ಕ್ರಿಮಿ ಗಂಟಲಲ್ಲಿತ್ತು. ಸತ್ತೂ ಹೋಗಿತ್ತು. ಹೃದಯ ನಿಂತದ್ದು ಯಾಕೆ?" ಅವರು ತಂದೂರಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಹೇಳಿದರು. ಇಪ್ಪತ್ತೊಂಬತ್ತು ವರ್ಷವಾದರೂ ಒಂದು ಶಬ್ದವನ್ನೂ ಮರೆತಿಲ್ಲ.

"ಆ ಕ್ರಿಮಿ ಒಳಗೆ ಇಳಿಯೋದೇ ಇಲ್ಲ ಒಪಾ. ಗಂಟಲಲ್ಲೇ ಕೂತಿರುತ್ತೆ. ವಿಷವನ್ನ ಮಾತ್ರ ರಕ್ತದ ಜೊತೆ ಕಳಿಸುತ್ತೆ. ನಮ್ಮ ಮೈ ಅಂದ್ರೆ ಕೋಟಿಗಟ್ಟಲೆ ಜೀವಕೋಶಗಳು. ಒಂದೊಂದು ಜೀವಕೋಶಾನೂ ಒಂದು ಮನೆ ಅಂದ್ಕೊಳ್ಳಿ, ಒಳಗೆ ದಿನವೆಲ್ಲ ರೊಟ್ಟಿ ತಟ್ಟೋ ಕೆಲಸ. ಆ ರೊಟ್ಟಿ ತಿಂದೇ ಆ ಮನೆ ಉಸಿರಾಡೋದು. ಈ ವಿಷಕ್ಕೆ ಎರಡು ಭಾಗ. ಒಂದು ಭಾಗ ಬಾಗಿಲ ಚಿಲಕ ಹಿಡ್ಕೊಳ್ಳುತ್ತೆ. ಮನೆಯವರು ಯಾರೋ ನಮ್ಮೋರೇ ಬಂದ್ರು ಅಂತ ತಾವೇ ಒಳಗೆ ಕರ್ಕೋತಾರೆ. ಆಗ ಇನ್ನೊಂದು ಭಾಗ ಬಿಡಿಸ್ಕೊಂಡು ಒಳಗೆ ಹೋಗಿ ರೊಟ್ಟಿ ತಟ್ಟೋಳ ಕೈ ಕಟ್ಟಿಹಾಕುತ್ತೆ. ಹಿಟ್ಟು ಇದೆ, ಬೆಂಕಿ ಇದೆ, ರೊಟ್ಟಿ ಮಾತ್ರ ಇಲ್ಲ."

"ಎಷ್ಟು ವಿಷ ಬೇಕು ಅದಕ್ಕೆ?"

"ಒಂದು ಕಣ ಸಾಕು ಒಂದು ಮನೆಗೆ. ಒಬ್ಬಳ ಕೈ ಕಟ್ಟಿ ಅದು ಸುಸ್ತಾಗೋದಿಲ್ಲ. ಇನ್ನೊಬ್ಬಳ ಕೈ, ಮತ್ತೊಬ್ಬಳ ಕೈ. ಹಾಗೆ ಸತ್ತ ಜೀವಕೋಶಗಳೇ ರಾಶಿಯಾಗಿ ಗಂಟಲಲ್ಲಿ ಆ ಬೂದು ಪೊರೆ ಆಗೋದು. ಗಂಟಲಲ್ಲಿ ಸತ್ತರೆ ಹೊಸದು ಬೆಳೆಯುತ್ತೆ. ಹೃದಯದಲ್ಲಿ ಸತ್ತದ್ದು ಹೊಸದಾಗಿ ಬರೋದಿಲ್ಲ."

"ಮತ್ತೆ ನಿನ್ನ ಸೂಜಿ?"

"ಬೀದೀಲಿ ಅಲೆದಾಡೋ ವಿಷವನ್ನ ನನ್ನ ಸೂಜಿ ಹಿಡಿಯುತ್ತೆ. ಮನೆ ಒಳಗೆ ಹೊಕ್ಕದ್ದನ್ನ ಹಿಡಿಯೋಕೆ ಆಗೋದಿಲ್ಲ. ಅದಕ್ಕೇ ಒಂದೊಂದು ದಿನ ತಡವಾದ್ರೂ ಕಷ್ಟ. ತಡವಾದೋರಿಗೆ ಒಂದೇ ದಾರಿ. ಗಾಯ ಆದ ಹೃದಯಕ್ಕೆ ಕೆಲಸ ಕೊಡದೆ ಮಲಗಿಸೋದು."

ನಾನು ಮೂರು ದಿನ ಅಳುವಿನ ಗಂಟಲು ಎಂದದ್ದನ್ನಾಗಲಿ, ಮೂವತ್ತೆಂಟು ಸಲಾಮನ್ನಾಗಲಿ ಅವರು ಎತ್ತಲಿಲ್ಲ. ಜೀವಶಾಸ್ತ್ರದಲ್ಲಿ ನನಗೆ ಐದಕ್ಕೆ ಐದು ಎಂದೆನಲ್ಲ? ನನಗೆ ಎಲ್ಲ ಅರ್ಥವಾಯಿತು. ತಂದೂರಿನಲ್ಲಿದ್ದ ರೊಟ್ಟಿಗಳೆಲ್ಲ ಸೀದುಹೋದವು.

ಇನ್ನೊಂದು ಮಾತೂ ಅವರು ಹೇಳಿದ್ದರು. ಆ ಕ್ರಿಮಿ ತಾನಾಗಿ ವಿಷ ಮಾಡುವುದಿಲ್ಲವಂತೆ. ಅದಕ್ಕಿಂತಲೂ ಸಣ್ಣದೊಂದು ರೋಗಾಣು ಅದಕ್ಕೇ ಹತ್ತಿರಬೇಕಂತೆ, ಆಗ ಮಾತ್ರ ವಿಷ. ಇದನ್ನು ಕೇಳಿದ ಮೇಲೆ ಎಷ್ಟೋ ದಿನ ನನ್ನ ಅತ್ತೆಯನ್ನು ನೆನೆದೆ. ಜ್ವರದಲ್ಲಿ ನನ್ನಿಂದ ತೊಂಬತ್ತು ಸಲಾಮು ಮಾಡಿಸಿದವರು ಅವರು. ಅವರಿಂದ ಯಾರು ಮಾಡಿಸಿದ್ದರೋ. ಹೀಗೆ ಹಿಂದಕ್ಕೆ ಹೋಗುತ್ತ ಹೋದರೆ ತಪ್ಪು ಯಾರದೂ ಅಲ್ಲದ ಹಾಗಾಗುತ್ತದೆ. ಆ ನೆಪ ನನಗೆ ಬೇಡ. ಕ್ರಿಮಿಗೆ ಕಿವಿಯಿಲ್ಲ. ನನಗೆ ಕಿವಿಯಿತ್ತು, ಡಾಕ್ಟರು ಎರಡು ಸಲ ಹೇಳಿದ್ದರು.

ಈಗ ಸೊಬಿರಾಳ ಮಾತು. ಹಳಬರಿಗೆ ಗೊತ್ತು, ನಮ್ಮ ಗೋಡೆಯ ಆಚೆಗೆ ಅವಳ ಮನೆ. ನಿಗೋರಾ ಹಾಸಿಗೆಯಲ್ಲಿದ್ದ ಒಂಬತ್ತನೆಯ ದಿನ ಸೊಬಿರಾ ಗೋಡೆಯ ಮೇಲಿಂದ ಕರೆದಳು. ಅವಳ ಮಗ ಜಾಹಿದ್‌ಗೆ ಆರು ವರ್ಷ, ಗಂಟಲು ಊದಿತ್ತು.

"ಹೋಸಿಯತ್ ಒಪಾ, ಆ ಸೂಜಿ ಹಾಕಿಸು ಅಂತಿದ್ದಾಳೆ ಡಾಕ್ಟರು. ನಿಮ್ಮ ಸೊಸೆಗೆ ಹಾಗಾಯ್ತಲ್ಲ, ನನಗೆ ಕೈಕಾಲೇ ಆಡ್ತಿಲ್ಲ. ನೀವು ಹೇಳಿ ಒಪಾ, ಹಾಕಿಸ್ಲಾ ಬೇಡ್ವಾ?"

ನನ್ನ ಬೆನ್ನ ಹಿಂದೆ, ಕಿಟಕಿಯ ಒಳಗೆ, ನನ್ನ ಮಗಳು ಅದೇ ಸೂಜಿಯಿಂದ ಬದುಕಿ ಮಲಗಿದ್ದಳು. ಹಾಕಿಸು ಎಂದರೆ, ಮತ್ತೆ ನಿನ್ನ ಸೊಸೆ ಸತ್ತದ್ದು ಯಾತರಿಂದ ಎಂದು ಕೇಳುತ್ತಾಳೆ. ಬೇಡ ಎನ್ನಲು ನನಗೂ ನಾಲಿಗೆ ಬರಲಿಲ್ಲ.

"ನಿನ್ನ ಮಗು, ನೀನು ನೋಡ್ಕೋ" ಎಂದೆ. ಒಳಗೆ ಹೋದೆ.

ಜಾಹಿದ್ ನಾಲ್ಕು ದಿನದ ಮೇಲೆ ಹೋದ. ಸೊಬಿರಾ ಸಾಯುವವರೆಗೂ ನಮ್ಮ ಮನೆಗೆ ಹಬ್ಬಕ್ಕೆ ಸಿಹಿ ಕಳಿಸುತ್ತಿದ್ದಳು. ನಾನು ತಿನ್ನುತ್ತಿದ್ದೆ.

ಒಮ್ಮೆ ಮಾತ್ರ ಡಾಕ್ಟರನ್ನು ಕೇಳಿದ್ದೆ, ಆ ಕಾಗದವನ್ನು ಊರಿಗೆ ಯಾಕೆ ತೋರಿಸಲಿಲ್ಲ ಎಂದು. "ತೋರಿಸಿದ್ರೆ ನೀವು ನಿಮ್ಮ ಮಗಳನ್ನ ನನ್ನ ಹತ್ರ ತರ್ತಿದ್ರಾ ಒಪಾ? ಮಾನ ಹೋದ ಮನೆಯೋರು ಆಸ್ಪತ್ರೆಗೆ ಬರೋದಿಲ್ಲ. ನನಗೆ ರೋಗಿಗಳು ಬರಬೇಕು" ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, "ಆದ್ರೆ ಆ ಹುಡುಗ ಬರಲಿಲ್ಲ. ನಾನು ತಪ್ಪು ಮಾಡಿದ್ನೇನೋ" ಎಂದರು. ತಪ್ಪು ಮಾಡಿದೆನೇನೋ ಎಂದು ಈ ಊರಿನಲ್ಲಿ ಬಾಯಿಬಿಟ್ಟು ಹೇಳಿದವರು ಆಕೆ ಒಬ್ಬರೇ.

ಈ ಸಭೆಗೆ ಹೇಳುವ ಮೊದಲು ಹೇಳಬೇಕಾದವರು ಒಬ್ಬರಿದ್ದರು. ನಿನ್ನೆ ಕಾಲುವೆ ದಾಟಿ ಉಮ್ರಿನಿಸೋ ಅವರ ಮನೆಗೆ ಹೋದೆ. ಎಪ್ಪತ್ತೇಳು ವರ್ಷ, ಒಂದು ಕಣ್ಣು ಕಾಣುವುದಿಲ್ಲ. ಜಗಲಿಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರು. ಕೂತೆ. ಎಲ್ಲವನ್ನೂ ಹೇಳಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ನಲವತ್ತು ದಿನ ಅಂದಿದ್ಲಾ ಡಾಕ್ಟರು?"

"ಅಂದಿದ್ಲು."

"ನಿನಗೆ ಕೇಳಿಸ್ತಾ?"

"ಕೇಳಿಸ್ತು."

"ಅರ್ಥ ಆಯ್ತಾ?"

"ಆಯ್ತು."

"ನನ್ನ ಮಗಳು ಕೂತ್ಕೋತೀನಿ ಅಂದ್ಲಾ?"

"ಅಂದ್ಲು."

ಮೊರವನ್ನು ಪಕ್ಕಕ್ಕೆ ಇಟ್ಟರು. ಬೈಯುತ್ತಾರೆ, ಮುಖಕ್ಕೆ ಉಗುಳುತ್ತಾರೆ ಎಂದು ಮುಖ ಎತ್ತಿ ಕುಳಿತಿದ್ದೆ. ಅವರು ಹೇಳಿದ್ದು ಇದು:

"ಇಪ್ಪತ್ತೊಂಬತ್ತು ವರ್ಷ ಐದು ಹೊತ್ತೂ ನಮಾಜು ಮುಗಿಸಿ ಆ ಡಾಕ್ಟರಿಗೆ ಶಾಪ ಹಾಕಿದೀನಿ. ಅವಳಿಗೆ ಮಕ್ಕಳಾಗದಿರಲಿ ಅಂತ ಕೇಳ್ಕೊಂಡಿದೀನಿ. ಆಗಲೂ ಇಲ್ಲ. ಅದನ್ನ ಈಗ ವಾಪಸ್ ತಗೊಳ್ಳೋದು ಹೆಂಗೆ? ನೀನು ಓದಿದೋಳು ಅಲ್ವಾ, ಹೇಳು."

ವಿದ್ಯಾವಂತ ಗಣ್ಯರು ಇಷ್ಟು ಜನ ಕುಳಿತಿದ್ದೀರಿ, ಯಾರಿಗಾದರೂ ತಿಳಿದಿದ್ದರೆ ಕಾಲುವೆ ದಾಟಿ ಹೋಗಿ ಅವರಿಗೆ ಹೇಳಿ. ನಾನು ಏಳುವಾಗ, "ನಾಳೆ ಸಭೇಲಿ ಹೇಳ್ತೀಯಾ?" ಎಂದು ಕೇಳಿದರು. ಹೇಳುತ್ತೇನೆ ಎಂದೆ. "ಮೆಲ್ಲಗೆ ಹೇಳಬೇಡ" ಎಂದರು. ಅದಕ್ಕೇ ಮೈಕನ್ನು ಇಷ್ಟು ಹತ್ತಿರ ಹಿಡಿದಿದ್ದೇನೆ.

ನಿಗೋರಾ, ಮುಖ ಮುಚ್ಚಿಕೊಳ್ಳಬೇಡ. ನೀನು ಬದುಕಿದ್ದು ನಿನ್ನ ತಪ್ಪಲ್ಲ. ಶೆರಾಲಿ, ನೀನು ಯಾವತ್ತೂ ಕೇಳಲಿಲ್ಲ, ನಾನು ಹೇಳಲಿಲ್ಲ. ಎದ್ದು ಹೊರಗೆ ಹೋಗಬೇಕೆನಿಸಿದರೆ ಹೋಗು, ನನಗೆ ಬೇಸರವಿಲ್ಲ.

ಡಾಕ್ಟರ್ ಮುಹಯ್ಯೋ ಅವರೇ, ನಿಮ್ಮನ್ನು ಕ್ಷಮಿಸಲು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ನಿಮ್ಮಲ್ಲಿ ಕ್ಷಮಿಸುವಂಥದ್ದು ಏನೂ ನನಗೆ ಸಿಗಲಿಲ್ಲ. ನಿಮ್ಮಿಂದ ನಾನೂ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು. ಅಷ್ಟು ಅಗ್ಗಕ್ಕೆ ನನಗೆ ಅದು ಬೇಡ.

ಹಿಂದಿನ ಸಾಲಿನ ಹೆಂಗಸರೇ, ಬೀಜ ಸುಲಿಯುವುದು ನಿಂತಿದೆ, ಒಳ್ಳೆಯದು. ಮಕ್ಕಳ ಲಸಿಕೆಯ ದಿನ ತಪ್ಪಿಸಬೇಡಿ. ಗಂಟಲು ನೋವೆಂದರೆ ಬಾಯಿ ತೆರೆದು ನೋಡಿ. ಇನ್ನು ಮೇಲೆ 'ಕುದುರೆ ಸೂಜಿ' ಎಂಬ ಹೆಸರು ನಿಮ್ಮ ನಾಲಿಗೆಯ ತುದಿಗೆ ಬಂದರೆ, ಅದರ ಕಥೆ ನಿಮ್ಮ ಮಕ್ಕಳು ಕೇಳಿದರೆ, ನನ್ನ ಮನೆಗೆ ಕಳುಹಿಸಿ. ಹಳೆಯ ಹತ್ತಿ ಗೋದಾಮಿನ ಬೀದಿ, ಹದಿನೇಳನೆಯ ಮನೆ, ನೀಲಿ ಗೇಟು. ನನ್ನ ಹೆಸರು ಹೋಸಿಯತ್. ಬದುಕಿರುವಷ್ಟು ದಿನ ಬಂದವರಿಗೆಲ್ಲ ಮೊದಲಿನಿಂದ ಹೇಳುತ್ತೇನೆ, ಮೆಲ್ಲಗೆ ಅಲ್ಲ.

ಐದು ನಿಮಿಷ ಕೊಟ್ಟು ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಗಣ್ಯರಿಗೆ, ಒಮ್ಮೆಯೂ ಕೆಮ್ಮದೆ ಕೇಳಿದ ಸಭಿಕರಿಗೆ ವಂದನೆಗಳು. ಯಾರೂ ಚಪ್ಪಾಳೆ ತಟ್ಟಬೇಡಿ.

ನಮಸ್ಕಾರ.